ಒಂದು ಉಪ್ಪಿಟ್ಟು ಮಿಶ್ರಣದ ಕುಲಾಂತರಿ ಪರೀಕ್ಷೆ: ಶಿಕಾರಿಪುರದಿಂದ ಒಂದು ಪ್ರಕರಣ ಅಧ್ಯಯನ

ಶಿಕಾರಿಪುರ ತಾಲೂಕಿನ ಒಂದು ಹಳ್ಳಿಯಲ್ಲಿ ಮಹಿಳಾ ಸ್ವಸಹಾಯ ಸಂಘದವರು ನಡೆಸುವ ಸಣ್ಣ ಆಹಾರ ಘಟಕವೊಂದಿದೆ. ಅಲ್ಲಿ ತಯಾರಾಗುವ ಮುಖ್ಯ ಪದಾರ್ಥ ಮೆಕ್ಕೆಜೋಳದ ರವೆಯ ದಿಢೀರ್ ಉಪ್ಪಿಟ್ಟು ಮಿಶ್ರಣ. ಹುರಿದ ರವೆ, ಒಣಗಿಸಿದ ಎಲೆಕೋಸು ಮತ್ತು ಕ್ಯಾರೆಟ್, ಸಾಸಿವೆ, ಕಡಲೆಬೇಳೆ, ಕರಿಬೇವು, ಒಣಮೆಣಸಿನಕಾಯಿ, ಉಪ್ಪು, ಒಗ್ಗರಣೆಗೆ ರಿಫೈನ್ಡ್ ಹತ್ತಿಬೀಜದ ಎಣ್ಣೆ: ಪಾಕೀಟಿನೊಳಗೆ ಇರುವುದು ಇಷ್ಟೇ. ಶಿವಮೊಗ್ಗ, ದಾವಣಗೆರೆಯ ಅಂಗಡಿಗಳಲ್ಲಿ ಚೆನ್ನಾಗಿಯೇ ಮಾರಾಟವಾಗುತ್ತಿದ್ದ ಈ ಮಿಶ್ರಣವನ್ನು ಯುರೋಪಿನ ಭಾರತೀಯ ದಿನಸಿ ಅಂಗಡಿಗಳಿಗೆ ಕಳುಹಿಸಲು ಬೆಂಗಳೂರಿನ ರಫ್ತು ವ್ಯಾಪಾರಿಯೊಬ್ಬರು ಒಪ್ಪಿಕೊಂಡರು. ಆದರೆ ಸರಕಿನಲ್ಲಿ ಕುಲಾಂತರಿ ಅಂಶವಿಲ್ಲವೆಂಬ, ಅಂದರೆ ಹೊರಗಿನ ವಂಶವಾಹಿ ಸೇರಿಸಿ ರೂಪಿಸಿದ ಬೆಳೆಯಿಂದ ಬಂದದ್ದೇನೂ ಇಲ್ಲವೆಂಬ ಪ್ರಯೋಗಾಲಯದ ವರದಿ ಬೇಕೆಂಬುದು ಅವರ ಷರತ್ತಾಗಿತ್ತು. ಖಾಸಗಿ ಪ್ರಯೋಗಾಲಯವೊಂದಕ್ಕೆ ಮಾದರಿ ಹೋಯಿತು. ಬಂದ ವರದಿಯಲ್ಲಿ ಎರಡೇ ಸಾಲುಗಳಿದ್ದವು: 35ಎಸ್ ಪ್ರವರ್ತಕ ಪತ್ತೆಯಾಗಿದೆ, ನಾಸ್ ಟರ್ಮಿನೇಟರ್ ಪತ್ತೆಯಾಗಿಲ್ಲ.

ವ್ಯಾಪಾರಿ ಮೊದಲ ಸಾಲನ್ನು ಓದಿ ಸರಕನ್ನು ತಡೆಹಿಡಿದರು. ಘಟಕದವರಿಗೆ ಎರಡೂ ಸಾಲುಗಳು ಅರ್ಥವಾಗಲಿಲ್ಲ. ಅರ್ಥವಾಗಬೇಕಾಗಿತ್ತೆಂದು ನಿರೀಕ್ಷಿಸುವುದೂ ನ್ಯಾಯವಲ್ಲ. ಈ ಎರಡು ಸಾಲುಗಳಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಲಾಗದು ಎಂಬುದೇ ಈ ಪ್ರಕರಣದ ತಿರುಳು. ಘಟಕ, ವ್ಯಾಪಾರಿ, ಪ್ರಯೋಗಾಲಯ ಯಾರ ಹೆಸರನ್ನೂ ಇಲ್ಲಿ ಹೇಳಿಲ್ಲ.

ಸಂಶಯ ಮೆಕ್ಕೆಜೋಳದ ಮೇಲೆ ಬಿದ್ದದ್ದು ಏಕೆ

ಸಂಶಯ ನೇರವಾಗಿ ಮೆಕ್ಕೆಜೋಳದ ಮೇಲೆ ಬಿತ್ತು. ಅದಕ್ಕೆ ಈ ಸೀಮೆಯ ಇತ್ತೀಚಿನ ಇತಿಹಾಸವೇ ಕಾರಣ. ಅಮೆರಿಕ ಖಂಡದಿಂದ ಆಫ್ರಿಕಕ್ಕೆ, ಅಲ್ಲಿಂದ ಏಷ್ಯಕ್ಕೆ ಹಬ್ಬಿದ ಫಾಲ್ ಸೈನಿಕ ಹುಳು ಭಾರತದಲ್ಲಿ ಮೊತ್ತಮೊದಲು ದಾಖಲಾದದ್ದು ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ, ಇಲ್ಲಿನ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಿಂದ. ಆ ವರ್ಷ ಶಿಕಾರಿಪುರ, ಸೊರಬ, ಶಿವಮೊಗ್ಗ ತಾಲೂಕುಗಳ ಹೊಲಗಳಲ್ಲಿ ಮೆಕ್ಕೆಜೋಳದ ಸುಳಿ ಬಿಡಿಸಿ ನೋಡಿದವರಿಗೆ ಆ ದೃಶ್ಯ ಮರೆತಿರಲಾರದು: ಎಲೆಯಲ್ಲಿ ಸಾಲಾಗಿ ತೂತು, ಸುಳಿಯ ತುಂಬ ಮರದ ಹೊಟ್ಟಿನಂಥ ಹಿಕ್ಕೆ, ಅದರಡಿ ತಲೆಯ ಮೇಲೆ ತಲೆಕೆಳಗಾದ 'ವೈ' ಗುರುತು ಹೊತ್ತ ಹುಳು. ಔಷಧಿ ಸಿಂಪಡಿಸಿದರೂ ಸುಳಿಯ ಆಳಕ್ಕೆ ಇಳಿಯದೆ ಹುಳು ಉಳಿದುಬಿಡುತ್ತಿತ್ತು. ಬೇರೆ ದೇಶಗಳಲ್ಲಿ ಈ ಹುಳುವನ್ನು ತಡೆಯುವ, ಬಿಟಿ ಎಂಬ ಕುಲಾಂತರಿ ಮೆಕ್ಕೆಜೋಳವಿದೆ ಎಂಬ ಸುದ್ದಿ ಆಗಲೇ ಬೀಜದ ಅಂಗಡಿಗಳ ಕಟ್ಟೆಯ ಮೇಲೆ ಓಡಾಡತೊಡಗಿತು. ವರದಿ ಬಂದಾಗ ರವೆ ಒಡೆಯುವ ಗಿರಣಿಯವರು ಘಟಕದ ಮುಖ್ಯಸ್ಥೆಗೆ ಹೇಳಿದ ಮಾತೂ ಇದೇ: "ಹುಳ ಬಿದ್ದ ವರ್ಷದಿಂದ ಯಾವ್ಯಾವ ಬೀಜ ಬಂದಾವೋ ಯಾರಿಗೆ ಗೊತ್ತಕ್ಕಾ, ಪ್ಯಾಕೆಟ್ ಮೇಲೆ ಬರೆದದ್ದೇ ಒಳಗಿರ್ತದಂತ ಹೆಂಗೆ ಹೇಳೋದು."

ಈ ಮಾತನ್ನು ಬರಿಯ ಗಾಳಿಸುದ್ದಿ ಎಂದು ತಳ್ಳಿಹಾಕುವಂತಿರಲಿಲ್ಲ. ಭಾರತದಲ್ಲಿ ವಾಣಿಜ್ಯ ಬೇಸಾಯಕ್ಕೆ ಒಪ್ಪಿಗೆ ಪಡೆದು ರೈತರ ಹೊಲ ಸೇರಿರುವ ಕುಲಾಂತರಿ ಬೆಳೆ ಬಿಟಿ ಹತ್ತಿ ಒಂದೇ. ಅದಕ್ಕೆ 2002ರಲ್ಲಿ ಅನುಮತಿ ಸಿಕ್ಕಿತು. ಆದರೆ ಅನುಮತಿಗೆ ಮುಂಚೆಯೇ, 2001ರಲ್ಲಿ, ಗುಜರಾತಿನ ಹೊಲಗಳಲ್ಲಿ ಬಿಟಿ ಹತ್ತಿ ಬೆಳೆದು ನಿಂತಿತ್ತು. ಬಿಟಿ ಬದನೆಗೆ 2010ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ತಡೆ ಹಾಕಿದ ಮೇಲೂ 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯಲ್ಲಿ ಅದು ಅಕ್ರಮವಾಗಿ ಬೆಳೆದಿದ್ದು ಪತ್ತೆಯಾಯಿತು. ಕಾನೂನು ಬೇಡವೆಂದ ಮಾತ್ರಕ್ಕೆ ಬೀಜ ಹೊಲಕ್ಕೆ ಬರುವುದಿಲ್ಲ ಎಂದು ಈ ದೇಶದಲ್ಲಿ ಯಾರೂ ಪ್ರಮಾಣ ಮಾಡಲಾರರು.

ಮೆಕ್ಕೆಜೋಳವನ್ನು ಸಂಶಯಿಸಲು ಇದಕ್ಕಿಂತ ಗಟ್ಟಿಯಾದ ತಾಂತ್ರಿಕ ಕಾರಣವೊಂದು ವರದಿಯಲ್ಲೇ ಇತ್ತು. ಅದನ್ನು ತಿಳಿಯಲು ಕುಲಾಂತರಿ ಗಿಡವನ್ನು ಹೇಗೆ ಮಾಡುತ್ತಾರೆಂಬುದನ್ನು ಸ್ವಲ್ಪ ನೋಡಬೇಕು.

ಸೇರಿಸುವ ವಂಶವಾಹಿಯ ಒಳಗೇನಿರುತ್ತದೆ

ಮಣ್ಣಿನಲ್ಲಿ ವಾಸಿಸುವ ಬ್ಯಾಸಿಲಸ್ ಥುರಿಂಜಿಯೆನ್ಸಿಸ್, ಚಿಕ್ಕದಾಗಿ ಬಿಟಿ, ಎಂಬ ಬ್ಯಾಕ್ಟೀರಿಯಾ ಕೆಲವು ಜಾತಿಯ ಹುಳುಗಳ ಕರುಳನ್ನು ಹಾಳುಮಾಡುವ ಪ್ರೋಟೀನನ್ನು ತಯಾರಿಸುತ್ತದೆ. ಆ ಪ್ರೋಟೀನಿನ ವಂಶವಾಹಿಯನ್ನು ಹಾಗೆಯೇ ತಂದು ಗಿಡದೊಳಗೆ ಇಟ್ಟರೆ ಅದು ಕೆಲಸ ಮಾಡುವುದಿಲ್ಲ, ಏಕೆಂದರೆ ಬ್ಯಾಕ್ಟೀರಿಯಾದ ಆಜ್ಞೆಗಳನ್ನು ಗಿಡದ ಜೀವಕೋಶ ಪಾಲಿಸುವುದಿಲ್ಲ. ಹಾಗಾಗಿ ವಂಶವಾಹಿಯ ಮುಂದೆ ಗಿಡದ ಜೀವಕೋಶ ಗುರುತಿಸುವ ಸ್ವಿಚ್ಚಿನಂಥ ಒಂದು ತುಣುಕನ್ನೂ, ಹಿಂದೆ ಇಲ್ಲಿಗೆ ನಿಲ್ಲಿಸು ಎಂದು ಹೇಳುವ ಇನ್ನೊಂದು ತುಣುಕನ್ನೂ ಜೋಡಿಸುತ್ತಾರೆ. ಮೊದಲನೆಯದು ಪ್ರವರ್ತಕ, ಎರಡನೆಯದು ಟರ್ಮಿನೇಟರ್. ಜೊತೆಗೆ ಹೊಸ ವಂಶವಾಹಿಯನ್ನು ಪಡೆದ ಜೀವಕೋಶಗಳನ್ನು ಉಳಿದವುಗಳಿಂದ ಬೇರ್ಪಡಿಸಲು ಹಲವು ವೇಳೆ ಒಂದು ಗುರುತಿನ ವಂಶವಾಹಿಯನ್ನೂ ಸೇರಿಸುವುದುಂಟು. ಪ್ರತಿಜೈವಿಕವನ್ನು ಹಾಕಿದ ಮಾಧ್ಯಮದಲ್ಲೂ ಬದುಕುವ ಶಕ್ತಿ ಕೊಡುವಂಥದ್ದು.

ಈ ಇಡೀ ಜೋಡಣೆಯನ್ನು ಗಿಡದೊಳಗೆ ಕಳುಹಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಗಿಡದ ಬುಡದಲ್ಲಿ ಗಂಟು ಕಟ್ಟಿಸುವ ಅಗ್ರೊಬ್ಯಾಕ್ಟೀರಿಯಂ ಎಂಬ ಸೂಕ್ಷ್ಮಾಣು ತನ್ನ ಡಿಎನ್‌ಎಯ ಒಂದು ಭಾಗವನ್ನು ಗಿಡದ ಜೀವಕೋಶಕ್ಕೆ ಸಹಜವಾಗಿಯೇ ರವಾನಿಸುತ್ತದೆ. ಗಂಟು ಕಟ್ಟಿಸುವ ಭಾಗವನ್ನು ತೆಗೆದು ಬೇಕಾದದ್ದನ್ನು ಅಲ್ಲಿಟ್ಟರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಸಾಗಿಸುತ್ತದೆ. ಭಾರತಕ್ಕೆ ಬಂದ ಮೊದಲ ಬಿಟಿ ಹತ್ತಿ ಈ ದಾರಿಯದು. ಕೋಕರ್ 312 ಎಂಬ ಅಮೆರಿಕದ ತಳಿಗೆ ವಂಶವಾಹಿಯನ್ನು ಸೇರಿಸಿ, ಆಮೇಲೆ ಸಾಂಪ್ರದಾಯಿಕ ಅಡ್ಡತಳಿ ವಿಧಾನದಿಂದ ಇಲ್ಲಿನ ಹೈಬ್ರಿಡ್‌ಗಳ ಪೋಷಕ ತಳಿಗಳಿಗೆ ಅದನ್ನು ದಾಟಿಸಿದರು. ಎರಡನೆಯ ದಾರಿಯಲ್ಲಿ ಚಿನ್ನ ಅಥವಾ ಟಂಗ್‌ಸ್ಟನ್‌ನ ಅತಿ ಸೂಕ್ಷ್ಮ ಕಣಗಳಿಗೆ ಡಿಎನ್‌ಎಯನ್ನು ಲೇಪಿಸಿ ಜೀನ್ ಗನ್ನಿನಿಂದ ಅಂಗಾಂಶದ ಮೇಲೆ ಹೊಡೆಯುತ್ತಾರೆ. ಎರಡರಲ್ಲೂ ಆಮೇಲಿನ ಕೆಲಸ ಒಂದೇ: ಬದುಕಿದ ಜೀವಕೋಶಗಳಿಂದ ಅಂಗಾಂಶ ಕೃಷಿಯ ಮೂಲಕ ಪೂರ್ಣ ಗಿಡವನ್ನು ಬೆಳೆಸಿ, ನೂರಾರು ಗಿಡಗಳಲ್ಲಿ ಚೆನ್ನಾಗಿ ವರ್ತಿಸುವ ಒಂದನ್ನು ಆರಿಸುವುದು. ಹಾಗೆ ಆರಿಸಿದ ಒಂದೊಂದು ಮೂಲಗಿಡಕ್ಕೂ ಒಂದೊಂದು ಗುರುತಿನ ಸಂಖ್ಯೆಯಿರುತ್ತದೆ, ಮತ್ತು ಹೊರಗಿನ ಡಿಎನ್‌ಎ ಅದರ ವರ್ಣತಂತುವಿನ ಯಾವ ಜಾಗದಲ್ಲಿ ಹೋಗಿ ಕೂತಿದೆಯೋ ಆ ಸಂಧಿಸ್ಥಾನ ಬೇರೆ ಯಾವ ಗಿಡದಲ್ಲೂ ಇರುವುದಿಲ್ಲ. ಪತ್ತೆಯ ಕೆಲಸಕ್ಕೆ ಇದಕ್ಕಿಂತ ಖಚಿತವಾದ ಆಧಾರ ಇನ್ನೊಂದಿಲ್ಲ.

ಬಿಟಿ ಮೆಕ್ಕೆಜೋಳದ ಮಾನ್ 810 ಎಂಬ ಮೂಲಗಿಡ ಜೀನ್ ಗನ್ನಿನಿಂದ ಹುಟ್ಟಿದ್ದು. ಅದರ ಜೋಡಣೆಯಲ್ಲಿ ಮುಂದೆ 35ಎಸ್ ಪ್ರವರ್ತಕವೂ ಹಿಂದೆ ನಾಸ್ ಟರ್ಮಿನೇಟರೂ ಇದ್ದವು. ಆದರೆ ವರ್ಣತಂತುವಿನೊಳಗೆ ಕೂರುವಾಗ ಹಿಂದಿನ ಭಾಗ ತುಂಡಾಗಿ ನಾಸ್ ಕಳೆದುಹೋಯಿತು. ಆದ್ದರಿಂದ ಮಾನ್ 810 ಇರುವ ಹಿಟ್ಟನ್ನು ಪರೀಕ್ಷಿಸಿದರೆ 35ಎಸ್ ಸಿಗುತ್ತದೆ, ನಾಸ್ ಸಿಗುವುದಿಲ್ಲ. ನಮ್ಮ ಉಪ್ಪಿಟ್ಟು ಮಿಶ್ರಣದ ವರದಿಯಲ್ಲಿ ಇದ್ದದ್ದೂ ಅದೇ ಜೋಡಿ. ಕುಲಾಂತರಿ ಬೆಳೆಗಳ ಪಟ್ಟಿ ತಿಳಿದವರಿಗೆ ಮೊದಲು ಹೊಳೆಯುವ ಹೆಸರು ಮಾನ್ 810. ಅದು ಹೊಳೆದದ್ದು ತಪ್ಪಲ್ಲ, ಅಲ್ಲಿಗೇ ನಿಂತಿದ್ದರೆ ಮಾತ್ರ ತಪ್ಪಾಗುತ್ತಿತ್ತು.

ಮೊದಲ ಪರೀಕ್ಷೆ ಕೇಳಿದ ಪ್ರಶ್ನೆ

ಪ್ರಯೋಗಾಲಯದಲ್ಲಿ ನಡೆಯುವುದನ್ನು ಹತ್ತಿರದಿಂದ ನೋಡಿದರೆ ವರದಿಯ ಭಾಷೆ ತಿಳಿಯಾಗುತ್ತದೆ. ಮಾದರಿಯನ್ನು ನುಣ್ಣಗೆ ಪುಡಿಮಾಡಿ ಅದರಲ್ಲಿ ಚಿಟಿಕೆಯಷ್ಟನ್ನು ಸಿಟಿಎಬಿ ಎಂಬ ಮಾರ್ಜಕವಿರುವ ದ್ರಾವಣದಲ್ಲಿ ಬೆರೆಸಿ 65 ಡಿಗ್ರಿ ಸೆಲ್ಸಿಯಸ್‌ನ ಬಿಸಿನೀರಿನ ತೊಟ್ಟಿಯಲ್ಲಿ ಇಡುತ್ತಾರೆ. ಜೀವಕೋಶದ ಪೊರೆಗಳು ಒಡೆದು ಡಿಎನ್‌ಎ ಹೊರಬರುತ್ತದೆ. ಕ್ಲೋರೋಫಾರ್ಮ್ ಸೇರಿಸಿ ಗಿರಗಿರನೆ ತಿರುಗಿಸಿದಾಗ ಕೊಳವೆಯಲ್ಲಿ ಮೇಲೊಂದು ತಿಳಿ ಪದರ, ನಡುವೆ ಬೆಳ್ಳಗಿನ ಪ್ರೋಟೀನಿನ ಕೆನೆ, ಕೆಳಗೆ ಕ್ಲೋರೋಫಾರ್ಮ್ ನಿಲ್ಲುತ್ತವೆ. ಡಿಎನ್‌ಎ ಇರುವುದು ಮೇಲಿನ ತಿಳಿಯಲ್ಲಿ. ಅದನ್ನು ಜೋಪಾನವಾಗಿ ಎತ್ತಿ ಆಲ್ಕೋಹಾಲ್ ಬೆರೆಸಿದರೆ ಡಿಎನ್‌ಎ ತಳಕ್ಕೆ ಕೂರುತ್ತದೆ. ಉಪ್ಪಿಟ್ಟು ಮಿಶ್ರಣದಂಥ ಪದಾರ್ಥದಲ್ಲಿ ಈ ಹಂತವೇ ಕಷ್ಟದ್ದು. ರವೆಯ ಪಿಷ್ಟ, ಕರಿಬೇವಿನ ಮತ್ತು ಮೆಣಸಿನಕಾಯಿಯ ಪಾಲಿಫಿನಾಲ್‌ಗಳು ಡಿಎನ್‌ಎ ಜೊತೆಯಲ್ಲೇ ಅಂಟಿಕೊಂಡು ಬಂದು ಮುಂದಿನ ಕ್ರಿಯೆಗೆ ಅಡ್ಡಿಯಾಗುತ್ತವೆ. ಆಗ ಇರುವುದೂ ಇಲ್ಲವೆಂದು ತೋರುವ ಅಪಾಯವಿದೆ. ಹಾಗಾಗಿ ಒಂದೇ ಮಾದರಿಯನ್ನು ಹಾಗೆಯೇ ಒಮ್ಮೆ, ಹತ್ತು ಪಟ್ಟು ತೆಳುಮಾಡಿ ಇನ್ನೊಮ್ಮೆ ಪರೀಕ್ಷಿಸಿ ಹೋಲಿಸುವುದು ಒಳ್ಳೆಯ ಪದ್ಧತಿ.

ಆಮೇಲೆ ಬರುವುದು ಪಿಸಿಆರ್. ಹುಡುಕಬೇಕಾದ ತುಣುಕಿನ ಎರಡು ತುದಿಗಳಿಗೆ ಹೊಂದುವ, ಪ್ರೈಮರ್ ಎಂಬ ಚಿಕ್ಕ ಡಿಎನ್‌ಎ ಚೂರುಗಳನ್ನು ಹಾಕಿ, ಬಿಸಿ ಮಾಡುವುದು, ತಣಿಸುವುದು, ನಕಲು ಬೆಳೆಸುವುದು ಎಂಬ ಆವರ್ತವನ್ನು ಮತ್ತೆ ಮತ್ತೆ ನಡೆಸುತ್ತಾರೆ. ಪ್ರತಿ ಆವರ್ತಕ್ಕೂ ತುಣುಕುಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಎಲ್ಲವೂ ಸರಿಯಾಗಿ ನಡೆದರೆ ಒಂದೇ ಒಂದು ತುಣುಕು 35 ಆವರ್ತಗಳಲ್ಲಿ ಸುಮಾರು 3,400 ಕೋಟಿಯಾಗುತ್ತದೆ. ರಿಯಲ್ ಟೈಮ್ ಪಿಸಿಆರ್‌ನಲ್ಲಿ ಈ ಏರಿಕೆ ಬೆಳಕಿನ ಸಂಕೇತವಾಗಿ ಪರದೆಯ ಮೇಲೆ ಕಾಣುತ್ತದೆ. ಬೇಗ ಎದ್ದ ಗೆರೆ ಹೆಚ್ಚು ಡಿಎನ್‌ಎ ಇತ್ತೆಂಬುದನ್ನೂ, ತಡವಾಗಿ ಎದ್ದ ಗೆರೆ ಕಡಿಮೆ ಇತ್ತೆಂಬುದನ್ನೂ ಹೇಳುತ್ತದೆ. ಹತ್ತು ಪಟ್ಟು ವ್ಯತ್ಯಾಸಕ್ಕೆ ಮೂರು ಚಿಲ್ಲರೆ ಆವರ್ತಗಳ ಅಂತರ.

ಇಷ್ಟು ಸೂಕ್ಷ್ಮವಾದ ಯಂತ್ರವೂ ಕೇಳಿದ ಪ್ರಶ್ನೆಗಷ್ಟೇ ಉತ್ತರ ಕೊಡುತ್ತದೆ. ಮೊದಲ ಪರೀಕ್ಷೆ ಕೇಳಿದ ಪ್ರಶ್ನೆ "ಈ ಮಿಶ್ರಣದಲ್ಲಿ ಕುಲಾಂತರಿ ಬೆಳೆ ಇದೆಯೇ" ಎಂಬುದಲ್ಲ. "35ಎಸ್ ಎಂಬ ಈ ಡಿಎನ್‌ಎ ಅಕ್ಷರಮಾಲೆ ಎಲ್ಲಾದರೂ ಇದೆಯೇ" ಎಂಬುದಷ್ಟೇ. ಲೋಕದ ಬಹುಪಾಲು ಕುಲಾಂತರಿ ಬೆಳೆಗಳಲ್ಲಿ 35ಎಸ್ ಅಥವಾ ನಾಸ್ ಇರುವುದರಿಂದ ಮೊದಲ ಜರಡಿಯಾಗಿ ಈ ಎರಡನ್ನು ಹುಡುಕುವುದು ಎಲ್ಲೆಡೆಯ ರೂಢಿ. ಆದರೆ 35ಎಸ್ ಪ್ರಯೋಗಾಲಯದಲ್ಲಿ ಹುಟ್ಟಿದ ವಸ್ತುವಲ್ಲ. ಅದು ಹೂಕೋಸಿನ ಮೊಸಾಯಿಕ್ ವೈರಸ್ ಎಂಬ ಸಸ್ಯರೋಗಾಣುವಿನದು. ಸುಮಾರು 8,000 ಅಕ್ಷರಜೋಡಿಗಳ ದುಂಡನೆಯ ಡಿಎನ್‌ಎ ಇರುವ ಈ ವೈರಸ್ಸು ಕೋಸು, ಹೂಕೋಸು, ಸಾಸಿವೆ, ನವಿಲುಕೋಸಿನ ಕುಟುಂಬದ ಗಿಡಗಳಿಗೆ ಗಿಡಹೇನಿನ ಮೂಲಕ ಅಂಟುತ್ತದೆ. ವೈರಸ್ಸು ತನ್ನ ಕೆಲಸಕ್ಕೆ ಇಟ್ಟುಕೊಂಡ ಬಲವಾದ ಪ್ರವರ್ತಕವನ್ನು ಸಸ್ಯವಿಜ್ಞಾನಿಗಳು ಎರವಲು ಪಡೆದರು. ನಾಸ್ ತುಣುಕೂ ಹಾಗೆಯೇ ಅಗ್ರೊಬ್ಯಾಕ್ಟೀರಿಯಂನಿಂದ ಬಂದದ್ದು. ಉಪ್ಪಿಟ್ಟಿನ ಪಾಕೀಟಿನಲ್ಲಿ ಒಣಕೋಸು ಇದೆಯೆಂಬುದನ್ನು ಮಾದರಿ ಕಳುಹಿಸಿದ ಅರ್ಜಿಯಲ್ಲಿ ಯಾರೂ ಬರೆದಿರಲಿಲ್ಲ; ಅರ್ಜಿಯಲ್ಲಿದ್ದದ್ದು "ಮೆಕ್ಕೆಜೋಳದ ಉಪ್ಪಿಟ್ಟು ಮಿಶ್ರಣ" ಎಂಬ ಮೂರು ಪದ. ನನ್ನ ಅಭಿಪ್ರಾಯದಲ್ಲಿ ಈ ಇಡೀ ತೊಡಕಿಗೆ ಮೂಲ ಅಲ್ಲಿದೆ. ಪದಾರ್ಥಪಟ್ಟಿ ಕೇಳದೆ ಮಾದರಿ ಸ್ವೀಕರಿಸುವ ಪ್ರಯೋಗಾಲಯವೂ, ಅದನ್ನು ಕೊಡದೆ ಕಳುಹಿಸುವ ಗ್ರಾಹಕನೂ ಅರ್ಧ ಪರೀಕ್ಷೆಯನ್ನಷ್ಟೇ ಮಾಡಿಸುತ್ತಾರೆ.

ಪದಾರ್ಥಗಳನ್ನು ಬೇರೆ ಬೇರೆ ಮಾಡಿದ್ದು

ಎರಡನೆಯ ಸುತ್ತಿನಲ್ಲಿ ಮಿಶ್ರಣದ ಬದಲು ಒಂದೊಂದು ಪದಾರ್ಥವನ್ನೂ ಬೇರೆಯಾಗಿ ಕಳುಹಿಸಲಾಯಿತು. ಅದೇ ಬ್ಯಾಚಿನ ಸರಕಿಗೆ ಬಳಸಿದ ಮೆಕ್ಕೆಜೋಳದ ಕಾಳು, ರವೆ, ಒಣಕೋಸು, ಒಣಕ್ಯಾರೆಟ್, ಸಾಸಿವೆ, ಎಣ್ಣೆ ಇವುಗಳ ಉಳಿಕೆ ಘಟಕದಲ್ಲಿತ್ತು. ಪ್ರತಿ ಬ್ಯಾಚಿನಿಂದಲೂ ಸ್ವಲ್ಪ ಸ್ವಲ್ಪ ತೆಗೆದು ದಿನಾಂಕದೊಂದಿಗೆ ಡಬ್ಬಿಯಲ್ಲಿಡುವ ಅಭ್ಯಾಸವನ್ನು ಘಟಕದವರು ಹುಳದ ದೂರುಗಳಿಗೆ ಉತ್ತರಿಸಲೆಂದು ಮಾಡಿಕೊಂಡಿದ್ದರು. ಅದು ಇಲ್ಲಿ ಉಪಯೋಗಕ್ಕೆ ಬಂತು.

ಮೆಕ್ಕೆಜೋಳದ ಮಾದರಿ ಎಷ್ಟು ದೊಡ್ಡದಿರಬೇಕು ಎಂಬುದು ಮೊದಲು ಎದ್ದ ಪ್ರಶ್ನೆ. ಸಾವಿರ ಕಾಳಿಗೆ ಒಂದು ಕಾಳು ಕುಲಾಂತರಿ ಎಂದಿಟ್ಟುಕೊಂಡರೆ, ಅಂಥ ಒಂದಾದರೂ ಮಾದರಿಯೊಳಗೆ ಬರುವ ಸಂಭವ ನೂರಕ್ಕೆ 95ರಷ್ಟಿರಬೇಕಾದರೆ ಸುಮಾರು 3,000 ಕಾಳು ಬೇಕು. ನೂರಕ್ಕೆ ಒಂದನ್ನು ಹಿಡಿಯಲು 300 ಸಾಕು. ಮೆಕ್ಕೆಜೋಳದ 3,000 ಕಾಳೆಂದರೆ ಮುಕ್ಕಾಲರಿಂದ ಒಂದು ಕಿಲೋ. ಒಂದೇ ಚೀಲದ ಬಾಯಿಂದ ಹಿಡಿ ತುಂಬಿ ಕೊಟ್ಟ ಒಂದು ಕಿಲೋ ಇದಕ್ಕೆ ಬಾರದು. ಬೇರೆ ಬೇರೆ ಚೀಲಗಳ ಮೇಲೆ, ನಡು, ಅಡಿಯಿಂದ ತೆಗೆದು ಬೆರೆಸಿದ್ದಾಗಬೇಕು. ಈ ಲೆಕ್ಕಕ್ಕೆ ಕೊಳವೆಯೊಳಗೂ ಒಂದು ಪ್ರತಿರೂಪವಿದೆ. ಪಿಸಿಆರ್‌ಗೆ ಹಾಕುವ 100 ನ್ಯಾನೋಗ್ರಾಂ ಮೆಕ್ಕೆಜೋಳದ ಡಿಎನ್‌ಎಯಲ್ಲಿ ಅದರ ಜೀನೋಮಿನ, ಅಂದರೆ ಪೂರ್ಣ ಡಿಎನ್‌ಎಯ, ಸುಮಾರು 37,000 ಪ್ರತಿಗಳಿರುತ್ತವೆ. ಸಾವಿರಕ್ಕೊಂದರ ಮಟ್ಟದಲ್ಲಿ ಹುಡುಕುವುದೆಂದರೆ ಅವುಗಳ ನಡುವೆ 37 ಪ್ರತಿಗಳನ್ನು ಹುಡುಕುವುದು. ಅದಕ್ಕಿಂತ ಬಹಳ ಕೆಳಗಿಳಿದರೆ ಫಲಿತಾಂಶ ಒಮ್ಮೆ ಇದೆ, ಒಮ್ಮೆ ಇಲ್ಲ ಎಂದು ತೂಗಾಡತೊಡಗುತ್ತದೆ.

ಮೆಕ್ಕೆಜೋಳದ ಸ್ವಂತ ವಂಶವಾಹಿಯೊಂದನ್ನು ಹುಡುಕುವ ಪರೀಕ್ಷೆಯಲ್ಲಿ ಗೆರೆ ಬೇಗನೆ ಎದ್ದಿತು, ಅಂದರೆ ಡಿಎನ್‌ಎ ಚೆನ್ನಾಗಿಯೇ ಬಂದಿತ್ತು, ಅಡ್ಡಿಯೂ ಇರಲಿಲ್ಲ. 35ಎಸ್ ಬರಲಿಲ್ಲ. ನಾಸ್ ಬರಲಿಲ್ಲ. ಮಾನ್ 810ರ ಸಂಧಿಸ್ಥಾನವನ್ನು, ಅಂದರೆ ಮೆಕ್ಕೆಜೋಳದ ಸ್ವಂತ ಡಿಎನ್‌ಎ ಮುಗಿದು ಹೊರಗಿನದು ಶುರುವಾಗುವ ಜಾಗವನ್ನು, ಹುಡುಕುವ ಪರೀಕ್ಷೆಯೂ ಖಾಲಿಯಾಗಿತ್ತು. ಹುರಿದ ರವೆಯಲ್ಲೂ ಫಲಿತಾಂಶ ಇದೇ. ಕಾಳಿನ ಮೇಲೆ ಕ್ರೈ ಪ್ರೋಟೀನಿನ, ಅಂದರೆ ಬಿಟಿ ಬ್ಯಾಕ್ಟೀರಿಯಾದ ಆ ಹುಳುನಾಶಕ ಪ್ರೋಟೀನಿನ, ಪಟ್ಟಿ ಪರೀಕ್ಷೆಯನ್ನೂ ಮಾಡಿಸಲಾಯಿತು. ಅರೆದ ಕಾಳಿನ ರಸದಲ್ಲಿ ಕಾಗದದ ಪಟ್ಟಿ ಅದ್ದಿದರೆ ಕೆಲವೇ ನಿಮಿಷಗಳಲ್ಲಿ ಒಂದು ಗೆರೆ ಅಥವಾ ಎರಡು ಗೆರೆ ಮೂಡುವ ಈ ಪರೀಕ್ಷೆ ಹೊಲದಲ್ಲೂ ಮಾಡುವಷ್ಟು ಸರಳ. ಆದರೆ ಇದು ಹುಡುಕುವುದು ಪ್ರೋಟೀನನ್ನು. ಹುರಿದಾಗ ಪ್ರೋಟೀನಿನ ಆಕಾರ ಕೆಡುವುದರಿಂದ ರವೆಯ ಮೇಲೆ ಇದನ್ನು ನಂಬಲಾಗದು. ಹಸಿ ಕಾಳಿನಲ್ಲಿ ಒಂದೇ ಗೆರೆ, ಅಂದರೆ ಪಟ್ಟಿ ಸರಿಯಿದೆಯೆಂದು ತಿಳಿಸುವ ಗೆರೆ ಮಾತ್ರ ಬಂತು.

ಗಿರಣಿಯ ಕಡೆಯಿಂದ ಇನ್ನೊಂದು ಸಾಧ್ಯತೆ ಎದ್ದಿತು. ಅದೇ ಗಿರಣಿಯಲ್ಲಿ ಕೋಳಿ ಆಹಾರಕ್ಕೂ ಮೆಕ್ಕೆಜೋಳ ಒಡೆಯುತ್ತಾರೆ, ಸೋಯಾ ಹಿಂಡಿ ಬೆರೆಸುತ್ತಾರೆ. 2021ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಕೋಳಿ ಆಹಾರದ ಬೆಲೆ ಏರಿದ್ದರಿಂದ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅವಕಾಶ ಕೊಟ್ಟಿತ್ತು. ಆ ಸುದ್ದಿ ಗಿರಣಿಯವರಿಗೂ ಗೊತ್ತಿತ್ತು. ಹಿಂಡಿಯ ಧೂಳು ರವೆಗೆ ಸೇರಿರಬಹುದಲ್ಲವೇ? ಪ್ರಶ್ನೆ ಸರಿಯಾದದ್ದೇ. ಆದರೆ 1996ರಿಂದ ಬೆಳೆಯುತ್ತಿರುವ, ಕಳೆನಾಶಕ ತಡೆಯುವ ಮೊದಲ ತಲೆಮಾರಿನ ಕುಲಾಂತರಿ ಸೋಯಾದಲ್ಲಿ 35ಎಸ್ ಮತ್ತು ನಾಸ್ ಎರಡೂ ಇವೆ. ಅದರ ಧೂಳಾಗಿದ್ದರೆ ಎರಡೂ ಒಟ್ಟಿಗೆ ಕಾಣಬೇಕಿತ್ತು. ಸೋಯಾದ ಸ್ವಂತದ್ದಾದ ಲೆಕ್ಟಿನ್ ವಂಶವಾಹಿಯನ್ನು ಹುಡುಕಿದಾಗ ರವೆಯಲ್ಲಿ ಕೊನೆಯ ಆವರ್ತಗಳಲ್ಲಿ ತೀರ ಕ್ಷೀಣವಾದ ಗೆರೆಯೊಂದು ಎದ್ದಿತು. ಸೋಯಾ ಧೂಳು ಇದ್ದದ್ದು ನಿಜ, ಆದರೆ ಅದರಿಂದ 35ಎಸ್ ಬಂದಿಲ್ಲ. ಕುಲಾಂತರಿಯ ಪ್ರಶ್ನೆಗೆ ಇದು ಉಪಯೋಗಕ್ಕೆ ಬಾರದಿದ್ದರೂ ಸೋಯಾ ಅಲರ್ಜಿ ಇರುವವರ ದೃಷ್ಟಿಯಿಂದ ಇದೇ ಇಡೀ ತನಿಖೆಯ ಹೆಚ್ಚು ಮುಖ್ಯವಾದ ಶೋಧ ಎನ್ನಬೇಕು. ಗಿರಣಿಯಲ್ಲಿ ಈಗ ಘಟಕದ ರವೆಯನ್ನು ಕೋಳಿ ಆಹಾರದ ಕೆಲಸ ಶುರುವಾಗುವ ಮೊದಲು, ಯಂತ್ರ ಗುಡಿಸಿದ ಮೇಲೆ ಒಡೆಯುತ್ತಾರೆ.

ಸಾಸಿವೆಯ ವಿಷಯವನ್ನು ಬೇಗ ಹೇಳಿಬಿಡಬಹುದು. ದೆಹಲಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಡಿಎಂಎಚ್ 11 ಎಂಬ ಕುಲಾಂತರಿ ಸಾಸಿವೆಗೆ 2022ರ ಅಕ್ಟೋಬರ್‌ನಲ್ಲಿ ಪರಿಸರ ಬಿಡುಗಡೆಯ ಒಪ್ಪಿಗೆ ಸಿಕ್ಕಿತ್ತು. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಅದರ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ಪೇಟೆಯ ಸಾಸಿವೆಯಲ್ಲಿ ಅದು ಇರಲು ಕಾರಣವಿರಲಿಲ್ಲ, ಪರೀಕ್ಷೆಯಲ್ಲೂ ಸಿಗಲಿಲ್ಲ.

35ಎಸ್ ಸಿಕ್ಕಿದ್ದು ಒಣಕೋಸಿನಲ್ಲಿ. ರವೆಯಲ್ಲಿ ಏಳದಿದ್ದ ಗೆರೆ ಇಲ್ಲಿ ಯಾವ ಅನುಮಾನಕ್ಕೂ ಎಡೆಯಿಲ್ಲದಂತೆ ಎದ್ದಿತು. ಕೋಸಿನಲ್ಲಿ ಕುಲಾಂತರಿ ತಳಿ ಎಲ್ಲಿಯೂ ವಾಣಿಜ್ಯ ಬೇಸಾಯದಲ್ಲಿಲ್ಲ. ಆದರೂ ಊಹೆಯಿಂದ ಮುಗಿಸದೆ ಇನ್ನೊಂದು ಪರೀಕ್ಷೆ ಮಾಡಿಸಿದ್ದು ಸರಿಯಾಯಿತು. ವಿಜ್ಞಾನಿಗಳು ಎರವಲು ಪಡೆದದ್ದು ವೈರಸ್ಸಿನ ಪ್ರವರ್ತಕವನ್ನು ಮಾತ್ರ. ವೈರಸ್ಸಿನ ಹೊರಕವಚದ ವಂಶವಾಹಿಯಂಥ ಉಳಿದ ಭಾಗಗಳು ಈ ಬೆಳೆಗಳ ಜೋಡಣೆಯಲ್ಲಿರುವುದಿಲ್ಲ. ಆದ್ದರಿಂದ 35ಎಸ್ ಸಿಕ್ಕ ಕಡೆ ವೈರಸ್ಸಿನ ಇತರ ವಂಶವಾಹಿಯೂ ಸಿಕ್ಕಿದರೆ, ಎರಡರ ಪ್ರತಿಗಳ ಸಂಖ್ಯೆಯೂ ಸರಿಸುಮಾರು ಸಮನಾಗಿದ್ದರೆ, 35ಎಸ್ ಬಂದದ್ದು ವೈರಸ್ಸಿನಿಂದಲೇ ಎಂದು ಹೇಳಬಹುದು. 35ಎಸ್ ಹೆಚ್ಚಾಗಿದ್ದು ವೈರಸ್ಸಿನ ಪಾಲು ಕಡಿಮೆಯಿದ್ದರೆ ಮಾತ್ರ ಉಳಿದದ್ದಕ್ಕೆ ಬೇರೆ ಮೂಲ ಹುಡುಕಬೇಕಾಗುತ್ತದೆ. ಇಲ್ಲಿ ಎರಡು ಗೆರೆಗಳೂ ಒಂದರ ಬೆನ್ನಿಗೊಂದು ಎದ್ದವು.

ಕೋಸು ಎಲ್ಲಿಯದೆಂದು ಕೇಳಿದಾಗ ಘಟಕದವರು ನೆನಪು ಮಾಡಿಕೊಂಡರು. ಚಿಕ್ಕಮಗಳೂರು ಕಡೆಯಿಂದ ಶಿವಮೊಗ್ಗದ ತರಕಾರಿ ಮಂಡಿಗೆ ಬಂದ, ಹೊರ ಎಲೆಗಳಲ್ಲಿ ನರಗಳ ಉದ್ದಕ್ಕೆ ಹಳದಿ ಬಿದ್ದು ಬೂದು ಬಣ್ಣದ ಹೇನು ಕೂತಿದ್ದ ಕೋಸನ್ನು ಕಡಿಮೆ ದರಕ್ಕೆ ಕೊಂಡು, ಹೊರ ಎಲೆಗಳನ್ನು ಕಿತ್ತು, ತೊಳೆದು, ಹೆಚ್ಚಿ, ಒಣಗಿಸುವ ತಟ್ಟೆಗಳಲ್ಲಿ ಹರಡಿದ್ದರು. ಒಣಗಿಸುವ ಪೆಟ್ಟಿಗೆಯ ಬಿಸಿ ವೈರಸ್ಸಿನ ಡಿಎನ್‌ಎಯನ್ನು ನಾಶಮಾಡುವಷ್ಟಿರುವುದಿಲ್ಲ. ಪರೀಕ್ಷೆ ಹುಡುಕುವ ತುಣುಕು ನೂರರ ಆಸುಪಾಸಿನ ಅಕ್ಷರಜೋಡಿಗಳಷ್ಟು ಚಿಕ್ಕದಾದ್ದರಿಂದ ಡಿಎನ್‌ಎ ಅಲ್ಲಲ್ಲಿ ತುಂಡಾಗಿದ್ದರೂ ಅದು ಉಳಿದಿರುತ್ತದೆ. ಈ ವೈರಸ್ಸು ಸಸ್ಯಗಳದು, ಮನುಷ್ಯರಿಗೆ ಅಂಟುವಂಥದ್ದಲ್ಲ. ಕೋಸಿನ ಪಲ್ಯ ತಿನ್ನುವವರೆಲ್ಲರೂ ತಮಗೆ ತಿಳಿಯದೆ ಒಂದಲ್ಲ ಒಂದು ದಿನ 35ಎಸ್ ತಿಂದವರೇ.

ಪರೀಕ್ಷೆಗೆ ಸಿಗದ ಎಣ್ಣೆ

ಮೆಕ್ಕೆಜೋಳಕ್ಕೆ ಅಂಟಿದ್ದ ಆಪಾದನೆ ಹೀಗೆ ತೊಲಗಿತು. ಆದರೆ ಪದಾರ್ಥಪಟ್ಟಿಯನ್ನು ಮೊದಲಿಂದ ಓದುವಾಗ ಕಣ್ಣಿಗೆ ಬಿದ್ದದ್ದು ಎಣ್ಣೆ. ಭಾರತದ ಹತ್ತಿ ಬೆಳೆಯುವ ಪ್ರದೇಶದಲ್ಲಿ ನೂರಕ್ಕೆ 90ಕ್ಕಿಂತ ಹೆಚ್ಚಿನ ಪಾಲು ಬಿಟಿ ಹತ್ತಿಯದು. ಹಾಗಿರುವಾಗ ಪೇಟೆಯ ಹತ್ತಿಬೀಜದ ಎಣ್ಣೆ ಬಿಟಿ ಹತ್ತಿಯ ಬೀಜದಿಂದ ಬಂದಿರುವುದು ಹೆಚ್ಚು ಕಡಿಮೆ ಖಚಿತ. ಎಣ್ಣೆಯ ಮಾದರಿಯಲ್ಲಿ 35ಎಸ್ ಸಿಗಲಿಲ್ಲ, ನಾಸ್ ಸಿಗಲಿಲ್ಲ, ಹತ್ತಿಯ ಸ್ವಂತ ವಂಶವಾಹಿಯೂ ಸಿಗಲಿಲ್ಲ. ಕೊನೆಯದನ್ನು ಗಮನಿಸಬೇಕು. ಹತ್ತಿಯದೇ ಡಿಎನ್‌ಎ ಸಿಗದ ಕಡೆ ಬಿಟಿ ಇಲ್ಲವೆಂಬ ಮಾತಿಗೆ ಅರ್ಥವಿಲ್ಲ. ಅಲ್ಲಿ ಹುಡುಕಲು ಏನೂ ಉಳಿದಿಲ್ಲ ಎಂದಷ್ಟೇ ಹೇಳಬಹುದು. ಕ್ಷಾರದಿಂದ ಶುದ್ಧಿ, ಬಣ್ಣ ತೆಗೆಯುವುದು, ಹೆಚ್ಚಿನ ಉಷ್ಣತೆಯಲ್ಲಿ ವಾಸನೆ ತೆಗೆಯುವುದು, ಈ ಹಂತಗಳನ್ನು ದಾಟಿದ ಎಣ್ಣೆಯಲ್ಲಿ ಡಿಎನ್‌ಎಯೂ ಪ್ರೋಟೀನೂ ಉಳಿಯುವುದಿಲ್ಲವೆಂದೇ ಹೇಳಬೇಕು. ಸಕ್ಕರೆಯೂ ಹಾಗೆಯೇ.

ಕುಲಾಂತರಿ ಬೆಳೆಯ ಗಾಳಿಯೂ ಸೋಕದ ಕೋಸು ಪರೀಕ್ಷೆಯಲ್ಲಿ ಸಿಕ್ಕಿಬಿತ್ತು. ಕುಲಾಂತರಿ ಬೆಳೆಯಿಂದಲೇ ಬಂದ ಎಣ್ಣೆ ನಿರಾಳವಾಗಿ ಪಾರಾಯಿತು. ಮಿಶ್ರಣವನ್ನು ಇಡಿಯಾಗಿ ಪರೀಕ್ಷಿಸಿ ಎರಡು ಸಾಲಿನ ವರದಿ ಕೊಡುವ ಪದ್ಧತಿಯ ದೌರ್ಬಲ್ಯ ಇದಕ್ಕಿಂತ ಸ್ಪಷ್ಟವಾಗಿ ತೋರುವ ಇನ್ನೊಂದು ಉದಾಹರಣೆ ನನಗೆ ಗೊತ್ತಿಲ್ಲ.

ಐರೋಪ್ಯ ಒಕ್ಕೂಟದ ಕಾನೂನು ಈ ದೌರ್ಬಲ್ಯವನ್ನು ಮುಂಚೆಯೇ ಗಮನಕ್ಕೆ ತಂದುಕೊಂಡಿದೆ. 2003ರ ಅದರ ನಿಯಮದ ಪ್ರಕಾರ ಕುಲಾಂತರಿ ಬೆಳೆಯಿಂದ ತಯಾರಾದ ಆಹಾರವೆಂದರೆ, ಡಿಎನ್‌ಎ ಸಿಗಲಿ ಬಿಡಲಿ, ಪಾಕೀಟಿನ ಮೇಲೆ ಹಾಗೆಂದು ಬರೆಯಬೇಕು. ಅದನ್ನು ಖರೀದಿಯ ಕಾಗದಪತ್ರಗಳಿಂದ ತಿಳಿಯಬೇಕೇ ಹೊರತು ಪ್ರಯೋಗಾಲಯದಿಂದಲ್ಲ. ತಡೆಯಲಾಗದೆ ಆಕಸ್ಮಿಕವಾಗಿ ಬೆರೆತ, ಅಲ್ಲಿ ಒಪ್ಪಿಗೆಯಿರುವ ಕುಲಾಂತರಿ ಅಂಶಕ್ಕೆ ನೂರಕ್ಕೆ 0.9ರವರೆಗೆ ಹೀಗೆ ಬರೆಯುವುದರಿಂದ ವಿನಾಯಿತಿ ಇದೆ, ಮತ್ತು ಆ 0.9ನ್ನು ಒಂದೊಂದು ಪದಾರ್ಥಕ್ಕೂ ಪ್ರತ್ಯೇಕವಾಗಿ ಲೆಕ್ಕ ಹಾಕಬೇಕು, ಇಡೀ ಮಿಶ್ರಣಕ್ಕಲ್ಲ. ಉದ್ದೇಶಪೂರ್ವಕವಾಗಿ ಬಳಸಿದ ಎಣ್ಣೆಗೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಅಂದರೆ ಮೊದಲ ವರದಿ "ಪತ್ತೆಯಾಗಿಲ್ಲ" ಎಂದು ಬಂದಿದ್ದರೆ ಸರಕು ನೆಮ್ಮದಿಯಾಗಿ ಹಡಗು ಹತ್ತುತ್ತಿತ್ತು, ಆದರೆ ಪಾಕೀಟಿನ ಮೇಲಿನ ಚೀಟಿ ತಪ್ಪಾಗಿರುತ್ತಿತ್ತು. ಭಾರತದಲ್ಲಿ ನಿಯಮದ ದಿಕ್ಕು ಬೇರೆ. 2020ರ ಆಗಸ್ಟ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೊರಡಿಸಿದ, ಮರುವರ್ಷ ಜಾರಿಗೆ ಬಂದ ಆದೇಶ 24 ಬೆಳೆಗಳ ಆಮದಿಗೆ ಕುಲಾಂತರಿಯಲ್ಲವೆಂಬ ಪ್ರಮಾಣಪತ್ರ ಕೇಳುತ್ತದೆ, ನೂರಕ್ಕೆ 1ರವರೆಗಿನ ಆಕಸ್ಮಿಕ ಬೆರಕೆಯನ್ನು ಸಹಿಸುತ್ತದೆ. ಇಲ್ಲಿಂದ ಹೊರಹೋಗುವ ಸರಕಿಗೆ ಅದರಲ್ಲಿ ಉತ್ತರವಿಲ್ಲ.

ಕೊನೆಗೆ ಆದದ್ದು

ಘಟಕದವರು ಒಗ್ಗರಣೆಗೆ ಶೇಂಗಾ ಎಣ್ಣೆ ಹಿಡಿದರು. ಕುಲಾಂತರಿ ಶೇಂಗಾ ಎಲ್ಲಿಯೂ ವಾಣಿಜ್ಯವಾಗಿ ಬೆಳೆಯುತ್ತಿಲ್ಲವಾದ್ದರಿಂದ ಆ ಕಡೆಯ ತಲೆನೋವು ತಪ್ಪಿತು. ಶೇಂಗಾ ಅಲರ್ಜಿಕಾರಕವಾದ್ದರಿಂದ ಅದನ್ನು ಚೀಟಿಯ ಮೇಲೆ ಎದ್ದು ಕಾಣುವಂತೆ ಬರೆಯುವ ಹೊಸ ಕೆಲಸ ಬಂತು. ಮೆಕ್ಕೆಜೋಳಕ್ಕೆ ಬೀಜದ ಪಾಕೀಟಿನ ಚೀಟಿ ಮತ್ತು ರಸೀದಿಯನ್ನು ಬೆಳೆಗಾರರಿಂದ ಪಡೆದು ಇಡುತ್ತಾರೆ. ಹೊಸ ಮಾದರಿಯ ಜೊತೆ ಪೂರ್ಣ ಪದಾರ್ಥಪಟ್ಟಿ ಹೋಯಿತು, ಮತ್ತು ವರದಿಯಲ್ಲಿ ಒಂದೊಂದು ಪದಾರ್ಥಕ್ಕೂ ಪ್ರತ್ಯೇಕ ಸಾಲು, ಪರೀಕ್ಷೆ ಎಷ್ಟು ಕೆಳಗಿನ ಮಟ್ಟದವರೆಗೆ ಹಿಡಿಯಬಲ್ಲದೆಂಬ ಸಂಖ್ಯೆ, ಕೋಸಿನ ಸಾಲಿನಲ್ಲಿ 35ಎಸ್ ಜೊತೆಗೆ ವೈರಸ್ಸಿನ ವಂಶವಾಹಿಯ ಫಲಿತಾಂಶ ಇವೆಲ್ಲ ಬಂದವು.

ವ್ಯಾಪಾರಿ ವರದಿಯನ್ನು ಒಪ್ಪಿದರು, ಕೋಸನ್ನು ಒಪ್ಪಲಿಲ್ಲ. ಅಲ್ಲಿನ ಕೊಳ್ಳುಗರು ತಮ್ಮದೇ ಪ್ರಯೋಗಾಲಯದಲ್ಲಿ ಮಿಶ್ರಣವನ್ನು ಇಡಿಯಾಗಿ ಪರೀಕ್ಷಿಸಿ 35ಎಸ್ ಕಂಡರೆ ಸರಕನ್ನು ತಡೆದು ಆಮೇಲೆ ವಿವರಣೆ ಕೇಳುತ್ತಾರೆ, ಅಷ್ಟರಲ್ಲಿ ಮಾರಾಟದ ಅವಧಿ ಅರ್ಧ ಕಳೆದಿರುತ್ತದೆ ಎಂಬುದು ಅವರ ವಾದ. 2021ರಲ್ಲಿ ಭಾರತದ ನುಚ್ಚಕ್ಕಿಯಿಂದ ತಯಾರಾದ ಹಿಟ್ಟಿನಲ್ಲಿ ಕುಲಾಂತರಿ ಅಂಶ ಸಿಕ್ಕಿತೆಂದು ಐರೋಪ್ಯ ಒಕ್ಕೂಟದಲ್ಲಿ ಎಚ್ಚರಿಕೆ ಹೊರಟಾಗ, ಇಲ್ಲಿ ಕುಲಾಂತರಿ ಭತ್ತದ ಬೇಸಾಯವೇ ಇಲ್ಲವೆಂದು ಭಾರತ ಸರ್ಕಾರ ಹೇಳಬೇಕಾಗಿ ಬಂದದ್ದನ್ನು ಅವರು ನೆನಪಿಸಿದರು. ವಿಜ್ಞಾನದ ಪ್ರಕಾರ ಕೋಸಿನ ಮೇಲೆ ಯಾವ ದೋಷವೂ ಇಲ್ಲವಾದ್ದರಿಂದ ಅದನ್ನು ಬಿಡಬೇಕಾದುದು ನನಗೆ ಸರಿಕಾಣಲಿಲ್ಲ. ಆದರೆ ಹಣ ಹೂಡಿದವರು ಅವರು. ರಫ್ತಿನ ಪಾಕೀಟಿಗೆ ಈಗ ಕೋಸಿನ ಬದಲು ಬೀನ್ಸ್ ಮತ್ತು ನುಗ್ಗೆಸೊಪ್ಪು ಹಾಕುತ್ತಾರೆ. ಶಿವಮೊಗ್ಗದ ಅಂಗಡಿಗಳಿಗೆ ಹೋಗುವ ಪಾಕೀಟಿನಲ್ಲಿ ಕೋಸು ಹಾಗೆಯೇ ಇದೆ.